ಹೊಳೆಯಲ್ಲಿ ಈಜು ಕಲಿತವರು ಗೋಕರ್ಣದ ಆಚೆ ಬೀಚುಗಳಿಗೆ ಹೋಗಬಹುದಾ?

ಪ್ರಶ್ನೆ: ನಾವು ಗಂಗಾವತಿಯವರು. ಗೋಕರ್ಣದ ಹತ್ತಿರ ನಡೆದೇ ಹೋಗಬೇಕಾದ ಬೀಚುಗಳಿವೆಯಂತೆ. ಜನ ಕಮ್ಮಿ, ಮರಳು ಚೊಕ್ಕ ಅಂತಾರೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ನಮಗೆಲ್ಲ ಈಜು ಚೆನ್ನಾಗಿ ಬರುತ್ತದೆ, ಹೊಳೆಯಲ್ಲೇ ಕಲಿತವರು.

ಹೋಗಬಹುದು, ಖಂಡಿತ ಹೋಗಿ. ಆದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲು ನನಗೆ ಚಿಂತೆ ತಂದಿತು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ದಾರಿ.

ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ. ನಮ್ಮ ಕಡೆಯವರಿಗೆ ಇದು ಹೊಸ ರಸ್ತೆಯಲ್ಲ. ಬಳ್ಳಾರಿ ಅದಿರು ತುಂಬಿದ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ. ಕೊಪ್ಪಳದಿಂದ ಗೋಕರ್ಣಕ್ಕೆ ಸುಮಾರು 270 ಕಿ.ಮೀ. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಆಗಿಲ್ಲ, ಹಾಗಾಗಿ ಬಸ್ಸು ಇಲ್ಲವೇ ಸ್ವಂತ ಗಾಡಿ. ಅರಬೈಲ್ ಘಟ್ಟವನ್ನು ಮಾತ್ರ ನಿದ್ದೆಗಣ್ಣಲ್ಲಿ ಇಳಿಯಬೇಡಿ.

ಗೋಕರ್ಣ ಊರಿನಿಂದ ದಕ್ಷಿಣಕ್ಕೆ ಒಂದಾದ ಮೇಲೊಂದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು. ಎರಡು ಬೀಚುಗಳ ನಡುವೆ ಒಂದೊಂದು ಗುಡ್ಡ ಸಮುದ್ರಕ್ಕೆ ಚಾಚಿಕೊಂಡಿದೆ. ಓಂ ಬೀಚಿನವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ಹಾಫ್ ಮೂನ್‌ಗೆ ಗುಡ್ಡದ ಕಾಲುದಾರಿಯಲ್ಲಿ ಅರ್ಧ ಗಂಟೆ, ಪ್ಯಾರಡೈಸ್‌ಗೆ ಇನ್ನೂ ಅಷ್ಟೇ ಹೊತ್ತು. ಸೀಸನ್ನಿನಲ್ಲಿ ದೋಣಿ ಸಿಗುತ್ತದೆ, ಆದರೆ ಕಾಲಿಗೆ ಶಕ್ತಿಯಿರುವವರು ನಡೆದೇ ಹೋಗಬೇಕು ಅಂತ ನನ್ನ ಅಭಿಪ್ರಾಯ. ಗುಡ್ಡದ ತುದಿ ಮುಟ್ಟಿದಾಗ ಕೆಳಗೆ ಸಮುದ್ರ ಒಮ್ಮೆಲೇ ತೆರೆದುಕೊಳ್ಳುತ್ತದಲ್ಲ, ಆ ಕ್ಷಣಕ್ಕಾದರೂ ನಡೆಯಬೇಕು. ಸಣ್ಣ ಮಕ್ಕಳಿದ್ದರೆ ಹಾಫ್ ಮೂನ್ ಸಾಕು, ಮುಂದಿನ ದಾರಿಯಲ್ಲಿ ಬಂಡೆ ಜಾಸ್ತಿ.

ಈಗ ಈಜಿನ ವಿಷಯ. ಆನೆಗೊಂದಿ ಕಡೆ ಹೊಳೆಗೆ ಇಳಿದವರಿಗೆ ಸೆಳವು ಗೊತ್ತು. ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ದಡ ಪಕ್ಕದಲ್ಲೇ ಇರುತ್ತದೆ, ಸೆಳವಿನ ಜೊತೆ ಹೋಗುತ್ತಾ ಓರೆಯಾಗಿ ಕೈ ಬೀಸಿದರೆ ಎಲ್ಲೋ ಒಂದು ಕಡೆ ಕಾಲಿಗೆ ನೆಲ ಸಿಗುತ್ತದೆ. ಸಮುದ್ರದ ಸೆಳವು ದಡದ ಪಕ್ಕದಲ್ಲಿ ಹರಿಯುವುದಿಲ್ಲ, ದಡದಿಂದ ದೂರಕ್ಕೆ ಎಳೆಯುತ್ತದೆ. ಅಲೆಗಳು ತಂದು ಸುರಿದ ನೀರು ವಾಪಸ್ಸು ಹೋಗಲು ಒಂದು ಇಕ್ಕಟ್ಟಾದ ಜಾಗ ಹುಡುಕಿಕೊಳ್ಳುತ್ತದೆ, ಅಲ್ಲಿ ಜೋರಾಗಿ ಒಳಕ್ಕೆ ನುಗ್ಗುತ್ತದೆ. ಮೋಸ ಇರುವುದು ಇಲ್ಲೇ: ಎರಡೂ ಕಡೆ ಅಲೆ ಒಡೆದು ನೊರೆ ಏಳುತ್ತಿರುವಾಗ ನಡುವಿನ ಆ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ, ಮಕ್ಕಳನ್ನು ಇಳಿಸಲು ಇದೇ ಒಳ್ಳೆಯ ಜಾಗ ಅನಿಸುತ್ತದೆ. ಸಿಕ್ಕಿಕೊಂಡವರು ನೇರ ದಡದ ಕಡೆಗೇ ಈಜುತ್ತಾರೆ, ಚೆನ್ನಾಗಿ ಈಜುವವರು ಇನ್ನೂ ಹಟದಿಂದ ಈಜುತ್ತಾರೆ, ಸುಸ್ತಾಗಿ ಮುಳುಗುತ್ತಾರೆ. ಹಾಗೆ ಮಾಡಬೇಡಿ. ಉಪ್ಪುನೀರಿನಲ್ಲಿ ತೇಲುವುದು ಹೊಳೆಗಿಂತ ಸುಲಭ, ಗಾಬರಿಯಾಗದೆ ತೇಲಿ. ಆಮೇಲೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಸೆಳವು ಅಗಲವಿರುವುದಿಲ್ಲ, ಅದರಿಂದ ಹೊರಬಿದ್ದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ.

ಇದನ್ನೆಲ್ಲ ಹೇಳಿದ ಮೇಲೂ ನನ್ನ ಬೇಡಿಕೆ ಒಂದೇ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಲ್ಲಿ ಮೊಣಕಾಲು ಮುಳುಗುವಷ್ಟು ನೀರು ಸಾಕು. ರಸ್ತೆ ಇಲ್ಲದ್ದರಿಂದಲೇ ಆ ಮರಳು ಚೊಕ್ಕವಾಗಿ ಉಳಿದಿದೆ. ರಸ್ತೆ ಇಲ್ಲದ್ದರಿಂದಲೇ ಆಂಬುಲೆನ್ಸೂ ಬರುವುದಿಲ್ಲ. ಈಜಲೇಬೇಕು ಅನಿಸಿದರೆ ಊರ ಹತ್ತಿರದ ಬೀಚಿನಲ್ಲಿ, ಜೀವರಕ್ಷಕರು ಕಾಣುವ ಕಡೆ, ಅವರನ್ನು ಕೇಳಿಯೇ ಇಳಿಯಿರಿ.

ಸಮುದ್ರಕ್ಕೆ ಉಬ್ಬರ ಇಳಿತ ಇರುತ್ತದೆ, ಹೊಳೆಯವರಿಗೆ ಇದು ಅಭ್ಯಾಸವಿಲ್ಲ. ಸುಮಾರು ಆರು ಗಂಟೆಗೊಮ್ಮೆ ನೀರು ಏರುತ್ತದೆ, ಇಳಿಯುತ್ತದೆ. ಇಳಿತದಲ್ಲಿ ಗುಡ್ಡದ ಬುಡದ ಬಂಡೆಗಳು ಖಾಲಿಯಾಗಿ ಕಾಣುತ್ತವೆ, ಸುತ್ತಿ ಹೋಗುವುದಕ್ಕಿಂತ ಇಲ್ಲೇ ದಾಟೋಣ ಅನಿಸುತ್ತದೆ. ಬೇಡ. ವಾಪಸ್ಸು ಬರುವಾಗ ಅಲ್ಲಿ ಅಲೆ ಬಡಿಯುತ್ತಿರಬಹುದು. ಮೇಲಿನ ಕಾಲುದಾರಿಯೇ ಸರಿ.

ಬೆಳಿಗ್ಗೆ ಬೇಗ ಹೊರಡಿ. ಚಳಿಗಾಲದಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಗುಡ್ಡದ ಮೇಲೆ ದೀಪವಿಲ್ಲ. ಸಂಜೆ ನಾಲ್ಕೂವರೆಗೆ ಅಲ್ಲಿಂದ ವಾಪಸ್ಸು ಹೊರಟುಬಿಡಿ, ಸೂರ್ಯಾಸ್ತವನ್ನು ಓಂ ಬೀಚಿನಲ್ಲಿ ನೋಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಗಿಂತ ಒಳ್ಳೆಯದು ಬೇರೆ ಇಲ್ಲ, ಬಿಸಿಲಿಗೆ ಕೆಡುವುದಿಲ್ಲ. ತಂದ ಪ್ಲಾಸ್ಟಿಕ್ ಎಲ್ಲವನ್ನೂ ವಾಪಸ್ಸು ತನ್ನಿ, ಅಲ್ಲಿ ಕಸದ ಗಾಡಿ ಬರುವುದಿಲ್ಲ. ಉತ್ತರ ಕನ್ನಡದ ಕರಾವಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಮರಳಲ್ಲಿ ಬೆಂಕಿ ಹಾಕಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಮಾತೇ ಬೇಡ. ಸಮುದ್ರ ಒಂದು ಕಡೆ, ಪಾಚಿ ಹಿಡಿದ ಗುಡ್ಡದ ದಾರಿ ಇನ್ನೊಂದು ಕಡೆ. ರಸ್ತೆಯೂ ಅಷ್ಟೇ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವ ಹೋದದ್ದು ನೆನಪಿದೆ ಅಲ್ವಾ. ಶಿವರಾತ್ರಿಗೆ ಮಹಾಬಲೇಶ್ವರನ ತೇರು ನೋಡುವ ಆಸೆಯಿದ್ದರೆ ಆಗ ಹೋಗಿ, ಆದರೆ ಕೋಣೆ ಮೊದಲೇ ಹೇಳಿಡಿ. ಬೀಚಿಗಾಗಿಯೇ ಹೋಗುವುದಾದರೆ ಜನವರಿಯಲ್ಲಿ ಶನಿವಾರ ಭಾನುವಾರ ಬಿಟ್ಟು ಯಾವುದಾದರೂ ದಿನ ಆರಿಸಿ.