ಒಡೆದ ಚೂರು ಹೇಳಿದ ಊರು

ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಮ್ಮಿನಲ್ಲಿ ಒಂದು ಹೂದಾನಿ ಇದೆ. ಅಗಲ ಹೊಟ್ಟೆ, ನೆಟ್ಟಗಿನ ಕತ್ತು. ಮಳೆ ನಿಂತ ಮೇಲೆ ಮೋಡದ ಸಂದಿಯಲ್ಲಿ ಕಾಣುವ ತೆಳು ನೀಲಿ ಹಸಿರು ಬಣ್ಣ. ಬಾಯಿಯ ಸುತ್ತ ತಾಮ್ರದ ಪಟ್ಟಿ. ತಳದಲ್ಲಿ ‘ಫೆಂಗ್‌ಹುವಾ’ ಎಂದು ಕೊರೆದಿದೆ. ಅದು ಚೀನಾದ ಸಾಂಗ್ ದೊರೆ ಗಾವೋಜೊಂಗನ ರಾಣಿಯೊಬ್ಬಳ ವಾಸದ ಮಹಲಿನ ಹೆಸರು. ಜೊತೆಗೆ ಒಂದು ಪದ್ಯವೂ ಇದೆ. ಅದು 18ನೇ ಶತಮಾನದ ಚಿಯಾನ್‌ಲಾಂಗ್ ಚಕ್ರವರ್ತಿಯದ್ದು. ಹಳೆಯ ಪಾತ್ರೆ ಕಂಡರೆ ಪದ್ಯ ಕೊರೆಸದೆ ಬಿಡದ ಆಸಾಮಿ ಆತ. ಬಾಯಿ ಗಟ್ಟಿ ಇರಲಿ ಅಂತ ತಾಮ್ರ ಕಟ್ಟಿದ್ದಾರೆ ಎಂದು ಆ ಪದ್ಯದಲ್ಲಿ ಬರೆದ.

ಪಾಪ, ತಪ್ಪು ಬರೆದ. ಅದು ಗೊತ್ತಾಗಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಈ ಬಗೆಯ ಪಿಂಗಾಣಿಗೆ ‘ರು’ ಎಂದು ಹೆಸರು. ಪಾತ್ರೆಗೆ ಬಳಿದು ಸುಟ್ಟಾಗ ಗಾಜಿನಂತಾಗುವ ಲೇಪಕ್ಕೆ ಗ್ಲೇಜ್ ಎನ್ನುತ್ತಾರೆ. ಹಸಿರು ಗ್ಲೇಜಿನ ಪಿಂಗಾಣಿಗಳನ್ನು ಒಟ್ಟಾಗಿ ಸೆಲಡಾನ್ ಅನ್ನುತ್ತಾರೆ. ಅದರಲ್ಲಿ ರು ಅತಿ ಅಪರೂಪದ್ದು. ಲೋಕದಲ್ಲೆಲ್ಲ ಸೇರಿ ಉಳಿದಿರುವ ಪೂರ್ತಿ ಪಾತ್ರೆಗಳು ನೂರಕ್ಕೂ ಕಡಿಮೆ. ಹೂದಾನಿಗಳಂತೂ ಬೆರಳೆಣಿಕೆ. 2017ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ 13 ಸೆಂಟಿಮೀಟರ್ ಅಗಲದ ಒಂದು ರು ತಟ್ಟೆ 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಕುಂಚ ತೊಳೆಯುವ ತಟ್ಟೆ ಸ್ವಾಮಿ, ಅಷ್ಟೇ!

ಬಣ್ಣದ ಗುಟ್ಟು ಕಬ್ಬಿಣದಲ್ಲಿದೆ. ನಮ್ಮ ಮಂಗಳೂರು ಹಂಚು ಕೆಂಪಾಗುವುದೂ ಕಬ್ಬಿಣದಿಂದಲೇ, ಈ ಪಾತ್ರೆ ಹಸಿರಾಗುವುದೂ ಕಬ್ಬಿಣದಿಂದಲೇ. ವ್ಯತ್ಯಾಸ ಗಾಳಿಯದ್ದು. ಆವಿಗೆಗೆ ಗಾಳಿ ಜಾಸ್ತಿ ಬಿಟ್ಟರೆ ಕೆಂಪು. ಗಾಳಿ ಕಟ್ಟಿದರೆ ಬೆಂಕಿ ಉರಿಯಲು ಆಮ್ಲಜನಕ ಸಾಲದೆ ಗ್ಲೇಜಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಆಗ ಹಸಿರು, ನೀಲಿ. ಗಾಳಿ ಒಂಚೂರು ಹೆಚ್ಚುಕಡಿಮೆಯಾದರೂ ಬಣ್ಣ ಕೆಟ್ಟಿತು.

ಬಣ್ಣ ನಕಲು ಮಾಡಬಹುದು, ಹಾಗಾಗಿ ಗುರುತು ಹಿಡಿಯುವವರು ಪಾತ್ರೆಯನ್ನು ಮಗುಚಿ ನೋಡುತ್ತಾರೆ. ರು ಪಾತ್ರೆಯ ತಳಕ್ಕೂ ಗ್ಲೇಜ್ ಇರುತ್ತದೆ. ಹಾಗೇ ಇಟ್ಟು ಸುಟ್ಟರೆ ಅಂಟಿಕೊಳ್ಳುತ್ತದಲ್ವಾ? ಅದಕ್ಕೆ ಸಣ್ಣ ಮೊನೆಗಳ ಮೇಲೆ ನಿಲ್ಲಿಸಿ ಸುಡುತ್ತಿದ್ದರು. ಆ ಮೊನೆಗಳ ಗುರುತು ಎಳ್ಳುಕಾಳಿನಷ್ಟು. ಸಾಮಾನ್ಯವಾಗಿ ಮೂರೋ ಐದೋ ಇರುತ್ತವೆ. ಗ್ಲೇಜ್ ಕಿತ್ತ ಕಡೆ ಕಾಣುವ ಮಣ್ಣು ಊದುಬತ್ತಿ ಬೂದಿಯ ಬಣ್ಣ. ಚೀನಾದವರೂ ಹಾಗೇ ಕರೆಯುತ್ತಾರೆ.

ಇದು ಅರಮನೆಗೆ ತಯಾರಾದದ್ದು ಉತ್ತರ ಸಾಂಗ್ ಕಾಲದ ಕೊನೆಯಲ್ಲಿ, ಕೆಲವೇ ದಶಕ. ಚಿತ್ರ ಬಿಡಿಸುವ ದೊರೆ ಹುಯಿಜೊಂಗನ ಕಾಲ ಎಂದಿಟ್ಟುಕೊಳ್ಳಿ. 1127ರಲ್ಲಿ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ ಜನ ರಾಜಧಾನಿ ಕೈಫೆಂಗ್ ಹಿಡಿದು ಅವನನ್ನೂ ಅವನ ಮಗನನ್ನೂ ಸೆರೆಯಾಗಿ ಒಯ್ದರು. ಇನ್ನೊಬ್ಬ ಮಗ ಗಾವೋಜೊಂಗ್ ದಕ್ಷಿಣಕ್ಕೆ ಓಡಿ ಹಾಂಗ್‌ಝೌನಲ್ಲಿ ನೆಲೆ ನಿಂತ. ಆವಿಗೆಗಳು ಶತ್ರುವಿನ ಕಡೆ ಉಳಿದವು. 1192ರ ಹೊತ್ತಿಗಾಗಲೇ ಝೌ ಹುಯಿ ಎಂಬಾತ, ರು ಪಾತ್ರೆ ಈಗ ಸಿಗುವುದೇ ಕಷ್ಟ ಎಂದು ಬರೆದ. ಅರಮನೆ ಬೇಡವೆಂದು ತಳ್ಳಿದ್ದನ್ನು ಮಾತ್ರ ಹೊರಗೆ ಮಾರಬಹುದಿತ್ತು ಎಂದೂ ಹೇಳಿದ್ದಾನೆ. ಗ್ಲೇಜಿಗೆ ಅಗೇಟ್ ಕಲ್ಲು ಅರೆದು ಹಾಕುತ್ತಿದ್ದರಂತೆ. ಕೇಳಲು ಭಾರೀ ಅನಿಸುತ್ತದೆ, ಆದರೆ ಅಗೇಟ್ ಅಂದರೆ ಬಹುಪಾಲು ಮರಳಿನ ಸಿಲಿಕವೇ.

ಆಮೇಲೆ ಊರು ಮರೆತೇಹೋಯಿತು. ಹೆಸರು ಉಳಿಯಿತು, ಆದರೆ ಹೆಸರೇ ದಾರಿ ತಪ್ಪಿಸಿತು. ರುಝೌ ಎಂಬುದು ಸಾಂಗ್ ಕಾಲದಲ್ಲಿ ಒಂದು ಪ್ರಾಂತ. ಹುಡುಕುವವರು ಪ್ರಾಂತದ ಮುಖ್ಯ ಪಟ್ಟಣದ ಸುತ್ತಲೇ ಅಲೆದರು. ಅಲ್ಲಿ ಹಸಿರು ಚೂರುಗಳೇನೋ ಸಿಕ್ಕವು, ಆದರೆ ಅವು ಬೇರೆ ಥರದವು. ಮುಂಬೈಯಲ್ಲಿ 1892ರಲ್ಲಿ ಹುಟ್ಟಿದ ಪರ್ಸಿವಲ್ ಡೇವಿಡ್ 1930ರ ದಶಕದಲ್ಲಿ ರು ಬಗ್ಗೆ ದೊಡ್ಡ ಪ್ರಬಂಧ ಬರೆದಾಗಲೂ ಹಳೆಯ ಗ್ರಂಥಗಳನ್ನೇ ನೆಚ್ಚಬೇಕಿತ್ತು. ಆತ ಕೂಡಿಸಿದ ಸುಮಾರು 1,700 ಚೀನೀ ಪಾತ್ರೆಗಳು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಬಾಗಿಲು ತೆರೆದದ್ದು ಹೆನಾನ್ ಪ್ರಾಂತದ ಬಾವೋಫೆಂಗ್ ತಾಲೂಕಿನ ಚಿಂಗ್ಲಿಯಾಂಗ್‌ಸಿ ಹಳ್ಳಿಯಲ್ಲಿ. 1977ರಲ್ಲಿ ಯೆ ಝೆಮಿನ್ ಎಂಬ ತಜ್ಞ ಅಲ್ಲಿ ಒಂದು ಚೂರು ಹೆಕ್ಕಿದರು. ಪರೀಕ್ಷೆ ಮಾಡಿಸಿದರೆ ಅರಮನೆಯ ರು ಪಾತ್ರೆಗೆ ಹೊಂದಿತು. ಒಂದು ಚೂರನ್ನು ಎಷ್ಟು ನಂಬುವುದು? 1986ರಲ್ಲಿ ಆ ಕಡೆಯ ಪಿಂಗಾಣಿ ಕೆಲಸಗಾರರೊಬ್ಬರು ಒಂದು ಪೂರ್ತಿ ತಟ್ಟೆಯನ್ನೇ ತಂದು ತೋರಿಸಿದರು. ಶಾಂಘೈ ಮ್ಯೂಸಿಯಮ್ಮಿನವರು ಹಳ್ಳಿಗೆ ಹೋದರು, ಮರುವರ್ಷ ಅಗೆತ ಶುರುವಾಯಿತು. ಆದರೂ ಅರಮನೆಗೆ ಸುಡುತ್ತಿದ್ದ ಜಾಗ ಸಿಕ್ಕಿದ್ದು 2000ದಲ್ಲಿ. ಅದು ಊರವರ ಮನೆಗಳ ಕೆಳಗೇ ಇತ್ತು!

ಸಣ್ಣ ಸಣ್ಣ ಗೂಡುಗಳು, ಮಣ್ಣು ಕಲಸುವ ಗುಂಡಿಗಳು, ಮತ್ತೆ ರಾಶಿ ರಾಶಿ ಚೂರು. ಅರಮನೆಗೆ ಸಲ್ಲದ್ದನ್ನು ಒಡೆದು ಹಾಕಿದ್ದ ತಿಪ್ಪೆ ಅದು. ಅದೇ ಹೂದಾನಿಯ ಜೋಡಿಗಳೂ ಅಲ್ಲಿ ಸಿಕ್ಕವು. ಚೂರು ಕೂಡಿಸಿದರೆ ಕತ್ತಿನ ಮೇಲೆ ತಟ್ಟೆಯಂತೆ ಅಗಲವಾಗಿ ಚಾಚಿದ ಬಾಯಿ. ಇಸ್ಲಾಮೀ ದೇಶಗಳಿಂದ ಬರುತ್ತಿದ್ದ ಗಾಜಿನ ಬಾಟಲಿಯ ಆಕಾರ. ಅಂದರೆ ತೈಪೆಯ ಹೂದಾನಿಯ ಬಾಯಿ ಎಂದೋ ಒಡೆದಿದೆ. ಉಳಿದದ್ದನ್ನು ಉಜ್ಜಿ ಸಮ ಮಾಡಿ, ಗಾಯ ಕಾಣದಂತೆ ತಾಮ್ರ ಸುತ್ತಿದ್ದಾರೆ. ಚಕ್ರವರ್ತಿ ಹೊಗಳಿದ್ದು ಬ್ಯಾಂಡೇಜನ್ನು.

ದಕ್ಷಿಣಕ್ಕೆ ಓಡಿದ ಅರಮನೆ ಹಾಂಗ್‌ಝೌನಲ್ಲಿ ತನ್ನದೇ ಆವಿಗೆ ಹಾಕಿಸಿತು. ಅಲ್ಲಿನ ಪಾತ್ರೆಗೆ ‘ಗುವಾನ್’, ಅಂದರೆ ಸರ್ಕಾರಿ, ಎಂದು ಹೆಸರು. ತೆಳು ಮೈ, ಪದರ ಪದರವಾಗಿ ದಪ್ಪ ಗ್ಲೇಜ್. ಗ್ರಂಥಗಳು ಹೇಳುತ್ತಿದ್ದ ಎರಡು ಗುವಾನ್ ಆವಿಗೆಗಳಲ್ಲಿ ಒಂದು ಮೊದಲೇ ಸಿಕ್ಕಿತ್ತು. ಇನ್ನೊಂದು, ‘ಶಿಯುನೆಯ್‌ಸಿ’, ಕಟ್ಟುಕಥೆ ಎನ್ನುವವರೂ ಇದ್ದರು. 1996ರಲ್ಲಿ ಲಾವೋಹುಡಾಂಗ್ ಎಂಬ ಕಣಿವೆಯಲ್ಲಿ ಅದರ ಜಾಗ ಪತ್ತೆಯಾಯಿತು. ಕುಂಬಾರರ ತಿಗರಿಯ ಒಂದು ಬಿಡಿಭಾಗದ ಮೇಲೆ ಆ ಹೆಸರೇ ಬರೆದಿತ್ತು.

ಇನ್ನೊಂದು ಜಗಳ ಹಾಗೇ ಉಳಿದಿದೆ. ದಕ್ಷಿಣಕ್ಕೆ ಓಡುವ ಮುಂಚೆ ಕೈಫೆಂಗಿನಲ್ಲೂ ಸರ್ಕಾರಿ ಆವಿಗೆ ಇತ್ತು ಎಂದು ಹಳೆಯ ಬರಹ ಹೇಳುತ್ತದೆ. ರುಝೌ ಪಟ್ಟಣದ ಝಾಂಗ್‌ಗಾಂಗ್ ಗಲ್ಲಿಯಲ್ಲಿ ಸಿಕ್ಕ ಚೂರುಗಳೇ ಅದರವು ಎಂದು ಕೆಲವರು ವಾದಿಸುತ್ತಾರೆ. ಅಲ್ಲ, ಅವು ಆಮೇಲಿನವು ಎಂದು ಇನ್ನು ಕೆಲವರು. ಕೈಫೆಂಗನ್ನೇ ಅಗೆದು ನೋಡೋಣವೆಂದರೆ ಸಾಂಗ್ ಕಾಲದ ಊರು ಹಳದಿ ನದಿಯ ಹೂಳಿನಡಿ ಹಲವು ಮೀಟರ್ ಆಳದಲ್ಲಿದೆ. ಅದರ ಮೇಲೆ ಈಗಿನ ಊರಿದೆ.