ಭವ್ಯ ಅಂದರೆ ‘ಅತಿ ಸುಂದರ’ ಅಲ್ಲ

‘ಭವ್ಯ ಸ್ವಾಗತ’, ‘ಭವ್ಯ ಮೆರವಣಿಗೆ’ಗಳನ್ನು ಎಂದೋ ಕ್ಷಮಿಸಿದ್ದೇನೆ. ಫ್ಲೆಕ್ಸ್ ಬರೆಸುವವರ ಹತ್ತಿರ ಜಗಳ ಆಡಿ ಗೆದ್ದವರಿಲ್ಲ. ಆದರೆ ಮೊನ್ನೆ ಜರ್ಮನ್ ತತ್ವಜ್ಞಾನಿ ಕಾಂಟ್ ಬಗ್ಗೆಯೇ ಬರೆದ ಒಂದು ಲೇಖನದಲ್ಲಿ ‘ಭವ್ಯ, ಅಂದರೆ ಅತಿ ಸುಂದರ’ ಅಂತ ಓದಿದೆ. ಇದನ್ನು ಮಾತ್ರ ಸುಮ್ನೆ ಬಿಡಲಾರೆ.

‘ಭೂ’ ಧಾತುವಿನಿಂದ ಬಂದ ‘ಭವ್ಯ’ಕ್ಕೆ ‘ಆಗತಕ್ಕದ್ದು’ ಅನ್ನುವುದು ಮೂಲ ಅರ್ಥ. ಅದರಲ್ಲಿ ಗಾತ್ರದ ಸುಳಿವೇ ಇಲ್ಲ. ನಮ್ಮ ಹಳಗನ್ನಡದ ಜೈನ ಕವಿಗಳಿಗಂತೂ ಭವ್ಯ ಅಂದರೆ ಮೋಕ್ಷ ಪಡೆಯುವ ಯೋಗ್ಯತೆ ಇರುವ ಜೀವ. ಅದಿಲ್ಲದವನು ಅಭವ್ಯ. ಆ ಲೆಕ್ಕದಲ್ಲಿ ಬಡಕಲು ಮುದುಕನೊಬ್ಬ ಭವ್ಯನಾಗಬಹುದು, ಅರಮನೆ ಆಗಲಾರದು! ಪಶ್ಚಿಮದ ‘ಸಬ್ಲೈಮ್’ಗೆ, ಅಂದರೆ ಬೆರಗು ಭಯ ಎರಡನ್ನೂ ಒಟ್ಟಿಗೆ ಹುಟ್ಟಿಸುವ ಹಿರಿಮೆಗೆ, ನಾವು ಇದೇ ಪದ ಹಚ್ಚಿದ್ದೇವೆ. ಕೆಲವರು ‘ಉದಾತ್ತ’ ಅನ್ನುತ್ತಾರೆ. ವೇದಪಾಠದಲ್ಲಿ ಅದು ಎತ್ತರದ ಸ್ವರದ ಹೆಸರು. ಕಾಂಟ್ ಬಳಸಿದ ಜರ್ಮನ್ ಪದ ‘ಎರ್‌ಹಾಬೆನ್’ಗೂ ‘ಮೇಲೆತ್ತಿದ್ದು’ ಅಂತಲೇ ಅರ್ಥ. ಪದದ ಮಟ್ಟಿಗೆ ಉದಾತ್ತವೇ ಹತ್ತಿರ. ಆದರೂ ನನ್ನ ಓಟು ಭವ್ಯಕ್ಕೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಸುಂದರವನ್ನೂ ಭವ್ಯವನ್ನೂ ಖಡಾಖಂಡಿತವಾಗಿ ಬೇರೆ ಮಾಡಿದವನು ಬ್ರಿಟನ್ನಿನ ಚಿಂತಕ ಎಡ್ಮಂಡ್ ಬರ್ಕ್, 1757ರಲ್ಲಿ. ಸಣ್ಣದು, ನುಣುಪಾದದ್ದು ಸುಂದರ. ಭವ್ಯದ ಬೇರು ಭಯದಲ್ಲಿದೆ. ಕಾಂಟ್ 1790ರ ತನ್ನ ಪುಸ್ತಕದಲ್ಲಿ ಇದನ್ನೇ ಹಿಡಿದು ಇನ್ನೂ ಒಳಕ್ಕೆ ಹೋದ.

ಮಳೆಗಾಲದ ಜೋಗ ನೆನಪಿಸಿಕೊಳ್ಳಿ. ಒದ್ದೆ ಕಂಬಿ ಹಿಡಿದು ನಿಂತಿದ್ದೀರಿ. ಮಂಜಿನಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. 253 ಮೀಟರ್ ಕೆಳಗೆ ಬೀಳುವ ನೀರಿನ ಸದ್ದು ಮಾತ್ರ ಎದೆಗೆ ಬಡಿಯುತ್ತಿದೆ. ಅರೆಗಳಿಗೆ ಮಂಜು ಸರಿಯುತ್ತದೆ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಗುತ್ತದೆ. ಆಗ ಬಾಯಲ್ಲಿ ‘ಎಷ್ಟು ಚೆಂದ’ ಅಂತ ಬರುತ್ತದಾ? ಬರುವುದಿಲ್ಲ, ಅಲ್ವಾ? ಆ ಕಂಬಿ ಮುಖ್ಯ. ಅದಿಲ್ಲದಿದ್ದರೆ ಬರೀ ಭಯ. ನೋಡುವವನು ಸುರಕ್ಷಿತವಾಗಿರಬೇಕು ಅಂತ ಕಾಂಟ್ ಕೂಡ ಹೇಳುತ್ತಾನೆ.

ಕಾಂಟ್ ಪ್ರಕಾರ ಆಗ ನೋಡುವವನಿಗೆ ಹೊಳೆಯುವುದು ಇದು: ಈ ನೀರು ನನ್ನ ಮೈಯನ್ನು ಪುಡಿ ಮಾಡಬಲ್ಲದು. ಆದರೂ ನನ್ನೊಳಗೆ ಅದರ ಕೈಗೆ ಸಿಗದ ಒಂದು ಇದೆ. ಆಸ್ತಿ, ಆರೋಗ್ಯ, ಕೊನೆಗೆ ಜೀವವೂ ಒಳಗಿನ ಆ ಒಂದರ ಮುಂದೆ ಸಣ್ಣದು. ಆ ಅರಿವೇ ಭವ್ಯ. ಅದು ಇರುವುದು ನೋಡುವವನಲ್ಲಿ. ಜೋಗ ಒಂದು ನೆಪ.

ನೀತಿಯ ನಂಟು ಇರುವುದು ಇಲ್ಲೇ. 1788ರ ಪುಸ್ತಕದಲ್ಲಿ ಕಾಂಟ್ ಒಂದು ಪ್ರಶ್ನೆ ಹಾಕುತ್ತಾನೆ. ಒಬ್ಬ ಸಜ್ಜನನ ವಿರುದ್ಧ ಸುಳ್ಳು ಸಾಕ್ಷಿ ಹೇಳು, ಇಲ್ಲವಾದರೆ ನೇಣು ಅಂತ ದೊರೆ ಹೆದರಿಸಿದರೆ? ಪ್ರಾಣ ಹೋದರೂ ಹೇಳುವುದಿಲ್ಲ ಅಂತ ಯಾರೂ ಆಣೆ ಮಾಡಲಾರರು. ಆದರೆ ಹೇಳದೆ ಇರಲು ತನಗೆ ಸಾಧ್ಯ ಅಂತ ಪ್ರತಿಯೊಬ್ಬನಿಗೂ ಗೊತ್ತು. ಕಂಬಿಯ ಹಿಂದೆ ಎದ್ದದ್ದು ಇದೇ ಅರಿವು. ಇದು ಯೋಗ್ಯತೆಯ ಮಾತು. ಹಳೆಯ ‘ಭವ್ಯ’ ತಾನಾಗಿಯೇ ಬಂದು ಕೂರುತ್ತದೆ ನೋಡಿ.

ಹಾಗಂತ ಭವ್ಯವಾದದ್ದೆಲ್ಲ ಒಳ್ಳೆಯದು ಅಂತ ಓಡಬೇಡಿ. ಅದೇ 1790ರ ಪುಸ್ತಕದಲ್ಲಿ, ಶಿಸ್ತಿನಿಂದ ನಡೆಸಿದ ಯುದ್ಧದಲ್ಲೂ ಏನೋ ಭವ್ಯ ಇದೆ ಅಂತ ಬರೆದುಬಿಟ್ಟಿದ್ದಾನೆ ಮಹಾನುಭಾವ. 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಪುಸ್ತಕ ಬರೆದವನೂ ಇವನೇ.