ಕಾಗ್ನಿಟಿವ್ ಲೋಡ್ ಅಂದರೆ ತಲೆಯೊಳಗಿನ ಹೊರೆ

ಅಕ್ಕನ ಮಗ ಕೆಲಸ ಸಿಕ್ಕಿ ಕುಂದಾಪುರದಿಂದ ಮುಂಬಯಿಗೆ ಬಂದ ಮೊದಲ ವಾರ. ಸಂಜೆ ದಾದರ್ ರೈಲ್ವೆ ಸ್ಟೇಷನ್ನಿನ ಬ್ರಿಡ್ಜ್ ಮೇಲಿಂದ ಫೋನ್ ಮಾಡಿದ, ನಮ್ಮ ಮನೆಗೆ ಯಾವ ಲೋಕಲ್ ರೈಲು ಹಿಡಿಯಬೇಕು ಅಂತ. ನಾನು ಒಂದೇ ಉಸಿರಿನಲ್ಲಿ ಹೇಳಿದೆ: ಸೆಂಟ್ರಲ್ ಕಡೆ ಬಾ, ಡೊಂಬಿವಲಿ ಫಾಸ್ಟ್ ಹಿಡಿ, ಕಲ್ಯಾಣ್ ಫಾಸ್ಟ್ ಆದರೂ ಆಗುತ್ತದೆ, ಸ್ಲೋ ಬೇಡ, ಫಸ್ಟ್ ಕ್ಲಾಸ್ ಡಬ್ಬಿಗೆ ಹತ್ತಬೇಡ, ಬ್ಯಾಗ್ ಮುಂದಕ್ಕೆ ಹಾಕಿಕೋ, ಠಾಣೆ ದಾಟಿದ ಮೇಲೆ ಬಾಗಿಲ ಹತ್ತಿರ ಬಾ. ಅವನು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ, "ಚಿಕ್ಕಮ್ಮ, ಮೊದಲು ಹೇಳಿದ್ದು ಎಂತ?" ಅಂದ.

ಹುಡುಗ ಚುರುಕು. ಆದರೆ ಆ ಹೊತ್ತಿಗೆ ಅವನ ತಲೆ ತುಂಬಿ ಹೋಗಿತ್ತು. ಒಂದು ಕೆಲಸ ಮಾಡುವಾಗ ಮನಸ್ಸು ಒಟ್ಟಿಗೇ ಹಿಡಿದುಕೊಳ್ಳಬೇಕಾದ ಸಂಗತಿಗಳ ಭಾರಕ್ಕೆ ಕಾಗ್ನಿಟಿವ್ ಲೋಡ್ ಅನ್ನುತ್ತಾರೆ. ಕನ್ನಡದಲ್ಲಿ 'ಅರಿವಿನ ಹೊರೆ' ಅನ್ನಬಹುದು.

ಹಾಗೆ ಹಿಡಿದುಕೊಳ್ಳುವ ಜಾಗದ ಹೆಸರು ವರ್ಕಿಂಗ್ ಮೆಮೊರಿ. ಅದು ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ಕಪಾಟಿನಲ್ಲಿ ಎಷ್ಟೇ ಸಾಮಾನು ಇರಲಿ, ಹೆಚ್ಚೋದು, ಕಲಸೋದು ಎಲ್ಲ ಆ ಕಟ್ಟೆಯ ಮೇಲೇ ಆಗಬೇಕು. ಮುಂಬಯಿ ಮನೆಗಳಲ್ಲಿ ಆ ಕಟ್ಟೆ ಎಷ್ಟಿರುತ್ತದೆ ಅಂತ ಗೊತ್ತಲ್ಲ! 1956ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅಲ್ಲಿ ಸುಮಾರು 7 ಸಂಗತಿ ಹಿಡಿಸುತ್ತವೆ ಅಂದರು. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಆ ಲೆಕ್ಕವನ್ನು 4ರ ಆಸುಪಾಸಿಗೆ ಇಳಿಸಿದರು. ನಾನು ಅಕ್ಕನ ಮಗನಿಗೆ ಒಂದೇ ಸಲ ಏಳು ಸಂಗತಿ ಹೇಳಿದ್ದೆ.

ಈ ಹೊರೆಯ ಸಿದ್ಧಾಂತವನ್ನು ಕಟ್ಟಿದವರು ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲ್ಲರ್. 1988ರ ಅವರ ಲೇಖನ ಮಕ್ಕಳ ಕಲಿಕೆಯ ಬಗ್ಗೆ ಯೋಚಿಸುವ ರೀತಿಯನ್ನೇ ಬದಲಿಸಿತು. ಹೊರೆಯಲ್ಲಿ ಬಗೆಗಳಿವೆ. ಒಂದು ವಿಷಯದ್ದೇ ಭಾರ: ಲೋಕಲ್ ರೈಲಿನ ಜಾಲ ಇರುವುದೇ ಹಾಗೆ, ಅದನ್ನು ಕಲಿಯಲೇಬೇಕು. ಕಲಿಯುವುದಕ್ಕೆ ಬೇಕಾಗುವ ಶ್ರಮ ಇನ್ನೊಂದು, ಅದು ಒಳ್ಳೆಯದೇ. ಮತ್ತೊಂದು ಹೊರಗಿನಿಂದ ಸುಮ್ನೆ ಬಂದು ಕೂರುವ ಭಾರ. ದಾದರ್‌ನಲ್ಲಿ ಮೊದಲು ವೆಸ್ಟರ್ನ್ ಲೈನ್‌ಗೊಂದು, ಸೆಂಟ್ರಲ್ ಲೈನ್‌ಗೊಂದು, ಹೀಗೆ ಎರಡು ಒಂದನೇ ನಂಬರ್ ಪ್ಲಾಟ್‌ಫಾರ್ಮ್ ಇದ್ದವು. ನಂಬರ್ ನೆನಪಿಟ್ಟರೆ ಸಾಲದು, ಯಾವ ಕಡೆಯದ್ದು ಅಂತಲೂ ನೆನಪಿಡಬೇಕಿತ್ತು. 2023ರ ಡಿಸೆಂಬರ್‌ನಲ್ಲಿ 1ರಿಂದ 14ರವರೆಗೆ ಒಂದೇ ಸಾಲಿನ ನಂಬರ್ ಬಂತು. ಜನರ ತಲೆಯಿಂದ ಒಂದು ಹೊರೆ ಇಳಿಯಿತು. ಹೊರಗಿನಿಂದ ಬಂದ ಭಾರವನ್ನು ಹೀಗೆ ತೆಗೆದುಹಾಕಬಹುದು.

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಕೂತು ನೋಡಿ. ಹಳೆಯ ಸಪ್ಲೈಯರ್ ನಾಲ್ಕು ಟೇಬಲ್‌ನ ಆರ್ಡರ್ ಬರೆದುಕೊಳ್ಳದೆ ಒಳಗೆ ಕೂಗುತ್ತಾರೆ. ಅವರ ಕಟ್ಟೆ ನಮ್ಮದಕ್ಕಿಂತ ದೊಡ್ಡದಲ್ಲ. ವರ್ಷಗಟ್ಟಲೆ ಅದೇ ಕೆಲಸ ಮಾಡಿ, ಬಿಡಿ ಬಿಡಿ ತಿಂಡಿಗಳನ್ನು ಒಂದೊಂದು ಟೇಬಲ್‌ನ ಗಂಟಾಗಿ ಕಟ್ಟಿಕೊಳ್ಳುತ್ತಾರೆ. ಮನೆಯ ಊಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳ ದಾರಿ ಬೇರೆ. ಡಬ್ಬಿ ಎಲ್ಲಿ ಇಳಿಯಬೇಕು, ಯಾವ ಕಟ್ಟಡಕ್ಕೆ, ಯಾವ ಮಹಡಿಗೆ ಅನ್ನುವುದನ್ನು ಬಣ್ಣ, ಅಕ್ಷರ, ಅಂಕಿಗಳಲ್ಲಿ ಮುಚ್ಚಳದ ಮೇಲೆ ಬರೆದಿರುತ್ತಾರೆ. ನೆನಪಿಡುವ ಕೆಲಸ ಮುಚ್ಚಳದ್ದು.

ಹೊರೆ ಅತಿಯಾದಾಗ ಏನಾಗುತ್ತದೆ? ಓದಿದ ಸಾಲನ್ನೇ ಮತ್ತೆ ಓದುತ್ತೇವೆ. ಫ್ರಿಜ್ ಬಾಗಿಲು ತೆಗೆದು ಯಾಕೆ ಬಂದೆ ಅಂತ ನಿಲ್ಲುತ್ತೇವೆ. ಚಿಕ್ಕ ಮಾತಿಗೂ ಸಿಟ್ಟು. "ನನಗೆ ಮರೆವು ಜಾಸ್ತಿ ಆಯ್ತು" ಅಂತ ಎಷ್ಟೋ ಹೆಂಗಸರು ಹೆದರುತ್ತಾರೆ. ಅವರ ದಿನ ಹೇಗಿದೆ ಅಂತ ಒಮ್ಮೆ ಕೇಳಿ. ಬೆಳಿಗ್ಗೆಯ ಲೋಕಲ್‌ನಲ್ಲಿ ನೇತಾಡಿಕೊಂಡೇ ಅತ್ತೆಯ ಬಿಪಿ ಮಾತ್ರೆ, ಮಗಳ ಶಾಲೆಯ ಫಾರ್ಮ್, ಸೊಸೈಟಿ ಮೇಂಟೆನೆನ್ಸ್, ಗ್ಯಾಸ್ ಬುಕಿಂಗ್ ಎಲ್ಲ ತಲೆಯಲ್ಲಿ ಹೊತ್ತಿರುತ್ತಾರೆ. ಜೊತೆಗೆ ಫೋನ್ ಟಿಂಗ್ ಅನ್ನುತ್ತಲೇ ಇರುತ್ತದೆ. ಇದು ಬುದ್ಧಿಯ ಕೊರತೆ ಅಲ್ಲವೇ ಅಲ್ಲ. (ಹೊರೆ ಇಳಿಸಿದ ಮೇಲೂ ಮರೆವು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.)

ನನಗೆ ಉಪಯೋಗಕ್ಕೆ ಬಂದದ್ದು ಬರೆಯುವುದು. ಮಲಗುವ ಮುಂಚೆ, ಬಾಕಿ ಕೆಲಸ ಯಾವಾಗ, ಹೇಗೆ ಮಾಡುತ್ತೇನೆ ಅಂತ ಚೀಟಿಯಲ್ಲಿ ಬರೆದಿಡುತ್ತೇನೆ. ಮುಗಿಯದ ಕೆಲಸಕ್ಕೆ ಇಂಥ ಯೋಜನೆ ಮಾಡಿಕೊಂಡರೆ ಅದು ಮನಸ್ಸಿಗೆ ಬಂದು ಕಾಡುವುದು ಕಡಿಮೆಯಾಗುತ್ತದೆ ಅಂತ 2011ರ ಒಂದು ಅಧ್ಯಯನವೂ ತೋರಿಸಿದೆ.

ಆದರೆ ಚೀಟಿ ಬರೆಯುವವಳೂ ನಾನೇ ಆದರೆ? "ನೀನು ಹೇಳಿದ್ರೆ ನಾನು ಮಾಡ್ತಿದ್ದೆ ಅಲ್ವಾ" ಅನ್ನುತ್ತಿದ್ದರು ನಮ್ಮ ಮನೆಯವರು, ಪ್ರೀತಿಯಿಂದಲೇ. ನೆನಪಿಟ್ಟುಕೊಂಡು ಹೇಳುವುದೇ ಒಂದು ಕೆಲಸ ಅಂತ ಒಂದು ಭಾನುವಾರ ಕೂತು ಮಾತಾಡಿದೆವು. ಅವತ್ತಿನಿಂದ ಗ್ಯಾಸ್ ಅವರದ್ದು: ಬುಕ್ ಮಾಡುವುದು, ನೆನಪಿಡುವುದು, ಸಿಲಿಂಡರ್ ಬಂದಾಗ ಮನೆಯಲ್ಲಿ ಯಾರಿರುತ್ತಾರೆ ಅಂತ ನೋಡುವುದು, ಪೂರ್ತಿ. ಮುಂದಿನ ಸಿಲಿಂಡರ್ ಯಾವತ್ತು ಬರುತ್ತದೆ ಅಂತ ನನಗೀಗ ಗೊತ್ತಿಲ್ಲ.